ಬೆಟ್ಟದ ಮೇಲೆ ಸಿನಿಮಾ ಜಗಳ

ಜಟಿಂಗ ರಾಮೇಶ್ವರದ ಮೆಟ್ಟಿಲು ಹತ್ತುತ್ತಾ ಸಿನಿಮಾ ವಿಷಯಕ್ಕೆ ಜಗಳವಾಡಿದವರು ನಾನು, ನನ್ನ ನಾದಿನಿ ಇಬ್ಬರೇ ಇರಬೇಕು! ಮೊಳಕಾಲ್ಮೂರಿಗೆ ರೇಷ್ಮೆ ಸೀರೆಗೆಂದು ಬಂದವರು ಹಾಗೇ ಬೆಟ್ಟಕ್ಕೂ ಹೊರಟಿದ್ದೆವು.

ಅವಳಿಗೆ ದೆವ್ವದ ಚಿತ್ರ ಅಂದ್ರೆ ಪ್ರಾಣ. 2010ರ ಫೆಬ್ರವರಿಯಲ್ಲಿ 'ಆಪ್ತರಕ್ಷಕ' ಬಂದಾಗ ನನ್ನನ್ನೂ ಎಳಕೊಂಡು ಹೋಗಿದ್ದಳು. 2004ರ 'ಆಪ್ತಮಿತ್ರ'ದ ಮುಂದುವರಿಕೆ ಅದು. ಅದೇ ನಾಗವಲ್ಲಿ, ಅದೇ ರಾಜ, ಅದೇ ಕತ್ತಿ. ಕಣ್ಣು ಮುಚ್ಚಿಕೊಳ್ಳೋಕೆ ಸೆರಗು ಹಿಡಿದೇ ಕೂತಿದ್ದೆ. ಆದರೆ ವಿಷ್ಣುವರ್ಧನ್ ತೆರೆಗೆ ಬಂದರು ನೋಡಿ, ಶಿಳ್ಳೆ ಹೊಡೆಯುತ್ತಲೇ ಜನ ಕಣ್ಣೊರೆಸಿಕೊಂಡರು. ಅವರು ತೀರಿಕೊಂಡು ಎರಡು ತಿಂಗಳೂ ತುಂಬಿರಲಿಲ್ಲ. 1972ರಲ್ಲಿ 'ನಾಗರಹಾವು' ಚಿತ್ರದ ರಾಮಾಚಾರಿಯಾಗಿ ದುರ್ಗದ ಕೋಟೆಯಲ್ಲಿ ಓಡಾಡಿದವರು. ನಮ್ಮ ಕಡೆಯವರಿಗೆ ಮನೆ ಮಗನೇ. ಸೆರಗು ಒದ್ದೆಯಾಯಿತು, ಹೆದರಿಕೆ ಎಲ್ಲಿ ಹೋಯಿತೋ!

ಮೊದಲ ಭಾಗದ ಸೌಂದರ್ಯ ಕೂಡ ಬಿಡುಗಡೆಗೆ ಮುಂಚೆಯೇ, 2004ರ ಏಪ್ರಿಲ್ 17ರಂದು, ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ಅಷ್ಟೇ ಸಾಕಾಯಿತು, ನಾಗವಲ್ಲಿಯ ಶಾಪ ಅಂತ ಪುಕಾರು. ನಾದಿನಿಯೂ ಅದನ್ನೇ ಹಿಡಿದಳು. ನನಗೆ ರೇಗಿತು. ಯಾರದೋ ಮನೆಯ ಸಾವು ನಮಗೆ ದೆವ್ವದ ಕಥೆಯೇ?

"ರಾವಣನ ಕತ್ತಿಗೆ ರೆಕ್ಕೆ ಕಳಕೊಂಡು ಜಟಾಯು ಬಿದ್ದಿದ್ದು ಇದೇ ಬೆಟ್ಟದಲ್ಲಂತೆ. ಇಲ್ಲಿ ಯಾರಾದ್ರೂ ಶಾಪ ಅಂತಾರಾ? ಕೈಮುಗೀತಾರೆ," ಅಂದೆ.

ಅವಳು ಉತ್ತರ ಕೊಡಲಿಲ್ಲ. ಅಶೋಕನ ಶಾಸನ ಇರುವುದೂ ಇಲ್ಲೇ. ಅದನ್ನೂ ಸರಿಯಾಗಿ ನೋಡಲಿಲ್ಲ. ಇಳಿಯುವಾಗ ಮೆಲ್ಲಗೆ, "ಅತ್ತಿಗೆ, ಸೌಂದರ್ಯಂಗೆ ಆಗ ವಯಸ್ಸೆಷ್ಟಿತ್ತು?" ಅಂತ ಕೇಳಿದಳು.