ಸೂಜುಮಲ್ಲಿಗೆಯ ಹಾದಿ
ಕಪಿಲೆಯ ದಂಡೆಯಿಂದ ಸಂಗಮದವರೆಗೆ

ಮೈಸೂರಿನ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿ, ಕಪಿಲಾನದಿಯ ದಂಡೆಯ ಮೇಲೆ ನೆಲಸಿರುವ ನಂಜನಗೂಡಿಗೆ ಯಾತ್ರಿಕರು ಬರುವುದು ಶ್ರೀಕಂಠೇಶ್ವರನ ದರ್ಶನಕ್ಕಾಗಿ. 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ, ಪಂಚರಥಗಳು ಸಾಲಾಗಿ ಹೊರಡುವ ದೊಡ್ಡ ಜಾತ್ರೆ, ರಸಬಾಳೆಯ ಸವಿ, ಇವೆಲ್ಲ ಊರಿನ ಹಿರಿಮೆಗಳೇ ಸರಿ. ಆದರೆ ಕಣ್ಣಿಗೆ ಸಿಕ್ಕುವ ಊರಿಗಿಂತ ಕಿವಿಗೆ ಸಿಕ್ಕುವ ಊರು ಬೇರೆಯೇ ಒಂದಿದೆ. ಬೆಟ್ಟದ ಚಾಮುಂಡಿಯೂ ಹೊಳೆಯಾಚೆಯ ನಂಜುಂಡನೂ ಒಲಿದು ಮುನಿದ ಕಥೆಯನ್ನು ಹಳ್ಳಿಗರು ಇಲ್ಲಿ ಹಾಡಾಗಿ ಕಟ್ಟಿದ್ದಾರೆ. ದೇವರನ್ನು ಮನೆಯ ನೆಂಟನಂತೆ ಸಲುಗೆಯಿಂದ ಮಾತನಾಡಿಸುವುದು ಈ ಸೀಮೆಯ ಜಾಯಮಾನ.

ಅದೇ ಸಲುಗೆಯ ಇನ್ನೊಂದು ಪದ ಈಚಿನ ವರ್ಷಗಳಲ್ಲಿ ನಾಡಿನ ಮನೆಮನೆಗೂ ಬಂದಿದೆ: ‘ಸೋಜುಗದ ಸೂಜುಮಲ್ಲಿಗೆ.’ ಮಲೆಯ ಮಾದಪ್ಪನ ಮುಡಿಗೆ ಮಲ್ಲಿಗೆಯನ್ನೇರಿಸಿ ಕಣ್ತುಂಬ ನೋಡಿ ನಲಿಯುವ ಭಕ್ತರ ಹಾಡು ಇದು. ಮೈಸೂರಿನ ಗಾಯಕಿ ಅನನ್ಯಾ ಭಟ್ ಅವರ ಕಂಠದಲ್ಲಿ ಅದು ಕೊಯಮತ್ತೂರಿನ ಬಳಿಯ ಶಿವರಾತ್ರಿಯ ಜಾಗರಣೆಯಲ್ಲಿ ಮೊಳಗಿ, ಕನ್ನಡವನ್ನರಿಯದವರನ್ನೂ ತಲೆದೂಗಿಸಿತು. ಇದನ್ನು ಬರೆದವರು ಯಾರೆಂದು ಕೇಳಿದರೆ ಉತ್ತರವಿಲ್ಲ.

ಉತ್ತರವಿಲ್ಲದಿದ್ದರೂ ಹಾದಿಯೊಂದು ಇದೆ. ನಂಜನಗೂಡಿನಿಂದ ಹೊಳೆಯ ಹರಿವಿನ ಜೊತೆಯಲ್ಲೇ ಕೆಳಗೆ ಸಾಗಿದರೆ ಸುತ್ತೂರು ಸಿಕ್ಕುತ್ತದೆ. ಉತ್ತರದಿಂದ ಬಂದ ಬಾಲಕ ಮಾದಪ್ಪನಿಗೆ ಇಲ್ಲಿಯ ಮಠದಲ್ಲಿ ರಾಗಿ ಬೀಸುವ ಕಾಯಕ ಗಂಟುಬಿದ್ದಿತೆಂದು ಮಾದೇಶ್ವರ ಕಾವ್ಯವು ಹೇಳುತ್ತದೆ. ಮುಂದೆ ಕುಂತೂರು ಮಠ, ಆಮೇಲೆ ಕಾಡು, ಎಪ್ಪತ್ತೇಳು ಮಲೆ. ರಾಗಿಯ ಕಲ್ಲಿನ ಮುಂದೆ ಕುಳಿತ ದೇವರೆಂದರೆ ಒಕ್ಕಲ ಮನೆಗಳಿಗೆ ಅವನು ಹತ್ತಿರದವನಾದುದರಲ್ಲಿ ಆಶ್ಚರ್ಯವೇನು?

ಈ ಕಾವ್ಯವನ್ನು ತಲೆಮಾರುಗಳಿಂದ ಕಾಪಾಡಿದವರು ದೇವರಗುಡ್ಡರು. ಗುಡ್ಡನಾಗಲು ದೀಕ್ಷೆ ಬೇಕು. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ: ಇದೇ ಕಂಸಾಳೆ. ಅದನ್ನು ಬೀಸಿ ಬೀಸಿ ಹೊಡೆಯುತ್ತ ಕುಣಿಯುವ ಬೀಸು ಕಂಸಾಳೆಯನ್ನು ಪಟ್ಟಣದವರು ವೇದಿಕೆಗಳಲ್ಲಿ ಕಂಡಿದ್ದಾರೆ. ಕುಳಿತು ರಾತ್ರಿಯೆಲ್ಲ ಕಥೆ ಹಾಡುವುದನ್ನು ಕಂಡವರು ವಿರಳ. ಭಿಕ್ಷೆ ಬೇಡುತ್ತ, ಹರಕೆಯ ಮನೆಗಳಲ್ಲಿ ಹಾಡುತ್ತ ಬಂದ ಈ ಗಾಯಕರಿಂದ ಕೇಳಿ ಬರೆದುಕೊಂಡು ಪಿ. ಕೆ. ರಾಜಶೇಖರ ಅವರು 1973ರಲ್ಲಿ ‘ಮಲೆಯ ಮಾದೇಶ್ವರ’ವನ್ನು ಅಚ್ಚಿಗೆ ತಂದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಸಾಹಿತ್ಯ ಅಕಾಡೆಮಿಯು 2001ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಹಾಡಿದವರ ಹೆಸರು ಪುಸ್ತಕದ ಮೇಲೇರಿದ್ದು ಸಂತೋಷದ ಸಂಗತಿ.

ಚಲನಚಿತ್ರದ ಕಥೆ ಬೇರೆ. 2021ರ ನವೆಂಬರಿನಲ್ಲಿ ತೆರೆಕಂಡ ‘ಗರುಡ ಗಮನ ವೃಷಭ ವಾಹನ’ದಲ್ಲಿ ಇದೇ ಹಾಡು ಚೈತ್ರಾ ಆಚಾರ್ ಅವರ ದನಿಯಲ್ಲಿ ಬರುತ್ತದೆ. ಕಥೆ ನಡೆಯುವುದು ಮಂಗಳೂರಿನಲ್ಲಿ. ನಿರ್ದೇಶಕ ರಾಜ್ ಬಿ. ಶೆಟ್ಟರು ತಾವೇ ಧರಿಸಿದ ಶಿವನೆಂಬ ಪಾತ್ರವು ಕೊಲೆಮಾಡಿ ಬಂದು ಹುಲಿವೇಷದ ಹೆಜ್ಜೆ ಹಾಕುವಾಗ ಮಲ್ಲಿಗೆಯ ಪದ ತೇಲಿಬರುತ್ತದೆ. ಪ್ರೇಕ್ಷಕರು ಬೆರಗಾದರು, ಹಾಡು ಎಲ್ಲರ ಮೊಬೈಲುಗಳಲ್ಲಿ ಸೇರಿಕೊಂಡಿತು. ಮಾದಪ್ಪನ ಒಕ್ಕಲಿನಲ್ಲಿ ಕೆಲವರು ಮಾತ್ರ ನೊಂದರು. ಮೀಸಲು ಪದವನ್ನು ರಕ್ತದ ಪಕ್ಕದಲ್ಲಿಡಬಹುದೆ ಎಂಬ ಆಕ್ಷೇಪ ಎದ್ದಿತು. ದೃಶ್ಯದ ಬಲ ಇರುವುದೇ ಆ ವೈಷಮ್ಯದಲ್ಲಿ ಎಂಬುದು ನಿಜ. ಆದರೂ ದೀಕ್ಷೆಯ ಕಟ್ಟಿನೊಳಗೆ ಬೆಳೆದ ಹಾಡಿಗೆ ಅಪ್ಪಣೆ ಕೇಳುವ ಮನೆಯೊಂದು ಇದ್ದಿತೆಂಬುದನ್ನು ಭಕ್ತರ ಸಿಟ್ಟು ನೆನಪಿಸಿತು. ಅದನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸುತ್ತೂರಿನಿಂದ ಮುಂದೆ ಹರಿದ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಇದು ತ್ರಿವೇಣಿಯೆಂದು ಆಸ್ತಿಕರ ನಂಬಿಕೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆಯುತ್ತ ಬಂದಿದೆ. ಗುಂಜಾ ನರಸಿಂಹನ ಕೈಯ ಗುಲಗಂಜಿಯಷ್ಟು ಈ ಕ್ಷೇತ್ರ ಕಾಶಿಗಿಂತ ಹೆಚ್ಚೆಂದು ಊರಿನವರ ಅಭಿಮಾನ. ಪಕ್ಕದ ತಿರುಮಕೂಡಲು ಪಿಟೀಲು ಚೌಡಯ್ಯನವರು ಹುಟ್ಟಿದ ಊರು. ಏಳು ತಂತಿಯ ಪಿಟೀಲಿನಿಂದ ಹೆಸರಾದ ಆ ಮಹನೀಯರು ತಮ್ಮ ಕೃತಿಗಳಿಗೆ ‘ತ್ರಿಮಕುಟ’ವೆಂಬ ಅಂಕಿತವಿಟ್ಟು ಹುಟ್ಟೂರನ್ನು ಉಳಿಸಿಹೋದರು. ಸೂಜುಮಲ್ಲಿಗೆಯನ್ನು ಮೊದಲು ಪೋಣಿಸಿದವರು ಅಷ್ಟನ್ನೂ ಬಿಟ್ಟುಹೋಗಲಿಲ್ಲ. ಅದರಲ್ಲಿ ಉಳಿದಿರುವುದು ಮಾದೇವನ ಹೆಸರೊಂದೇ.

ಮೈಸೂರಿನಿಂದ ಬರುವ ಬಸ್ಸುಗಳು ನರಸೀಪುರವನ್ನು ಹಾದು ಕೊಳ್ಳೇಗಾಲ, ಹನೂರುಗಳ ಮೇಲೆ ಬೆಟ್ಟಕ್ಕೆ ಹೋಗುತ್ತವೆ. ಶಿವರಾತ್ರಿ ಸಮೀಪಿಸಿತೆಂದರೆ ರಸ್ತೆಯ ಅಂಚಿನಲ್ಲಿ ಬರಿಗಾಲಿನ ಭಕ್ತರ ಗುಂಪುಗಳು. ಕೆಲವರ ಜೇಬಿನ ಮೊಬೈಲಿನಲ್ಲಿ ಅದೇ ಹಾಡು, ಸ್ಟುಡಿಯೋದ ವಾದ್ಯಗಳೊಡನೆ. ನಡುವೆ ಯಾರೋ ‘ಉಘೇ ಮಾದಪ್ಪ’ ಎಂದು ಕೂಗಿದರೆ ಉಳಿದವರೆಲ್ಲ ದನಿಗೂಡಿಸುತ್ತಾರೆ. ಆ ಹೊತ್ತಿಗೆ ಮೊಬೈಲಿನ ಹಾಡು ಯಾರಿಗೂ ಕೇಳಿಸುವುದಿಲ್ಲ.