ಮೊದಲು ಮಣ್ಣು, ಆಮೇಲೆ ಪಟ್ಟು

ಹೋದ ತಿಂಗಳು ಬನಹಟ್ಟಿಗೆ ಹೋದಾಗ ಅಕ್ಕನ ಮಗನದು ಒಂದೇ ಹಟ: ‘ಮಾಮಾ, ನನ್ನ ಟೇಕ್ವಾಂಡೋ ಕ್ಲಾಸಿಗೆ ಹಚ್ಚು.’ ಅದಕ್ಕೂ ಮೊದಲು ನಮ್ಮ ಗರಡಿ ಮನೆ ಒಮ್ಮೆ ನೋಡಲಿ ಅಂತ ಬೆಳಗಿನ ಐದಕ್ಕೇ ಎಬ್ಬಿಸಿಕೊಂಡು ಹೊರಟೆ. ಓಣಿಯಲ್ಲಿ ಆಗಲೇ ಪವರ್‌ಲೂಮ್‌ಗಳ ಖಟಪಟ ಶುರುವಾಗಿತ್ತು.

ಗರಡಿಯ ಬಾಗಿಲು ಗಿಡ್ಡ. ತಲೆ ಬಗ್ಗಿಸಿಯೇ ಹೋಗಬೇಕು. ಚಪ್ಪಲಿ ಹೊರಗೆ ಬಿಟ್ಟು ಹನುಮಪ್ಪನಿಗೆ ಕೈಮುಗಿದೆವು. ಎಣ್ಣೆ, ಅರಿಶಿನ, ಮಜ್ಜಿಗೆ ಹೀರಿದ ಕೆಮ್ಮಣ್ಣಿನ ವಾಸನೆ. ಹುಡುಗ ಉತ್ಸಾಹದಿಂದ ಒಂದು ಕಿಕ್ ಮಾಡಿ ತೋರಿಸಿದ. ವಸ್ತಾದರು ನಕ್ಕು ಕೈಗೆ ಗುದ್ದಲಿ ಕೊಟ್ಟರು: ‘ಮದ್ಲ ಮಣ್ಣು ಕಡಿ ತಮ್ಮಾ, ಪಟ್ಟು ಆಮ್ಯಾಲ.’

ಹೊಸಬರಿಗೆ ಇಲ್ಲಿ ಮೊದಲು ಸಿಗೋದು ಇಷ್ಟೇ: ಮಣ್ಣು ಕಡಿಯೋದು, ದಂಡ, ಬೈಠಕ್. ಗಟ್ಟಿ ನೆಲದ ಮೇಲೆ ಬಿದ್ದರೆ ಪೆಟ್ಟಾಗುತ್ತೆ, ಅದಕ್ಕೇ ದಿನಾ ಸಡಿಲ ಮಾಡಬೇಕು. ಅಗೆಯುವ ಕೈಗೆ ಹಿಡಿತವೂ ಬರುತ್ತೆ. ಟೇಕ್ವಾಂಡೋದಲ್ಲಿ ಬಿಳಿ ಬೆಲ್ಟ್‌ನಿಂದ ಕಪ್ಪಿನವರೆಗೆ ಮೆಟ್ಟಿಲುಗಳಿವೆ. ಇಲ್ಲಿ ಬೆಲ್ಟಿಲ್ಲ. ಮ್ಯಾಟ್ ಕುಸ್ತಿಯಂತೆ ಪಾಯಿಂಟೂ ಇಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಬೇಕು, ಮುಗೀತು.

ಎಂಟನೇ ಕ್ಲಾಸಿನಲ್ಲಿ ನಾನು ಇದೇ ಗರಡಿಯಿಂದ ಮೂರನೇ ದಿನಕ್ಕೇ ಓಡಿಹೋಗಿದ್ದೆ. ಈಗ ದಿನಕ್ಕೆ ಹತ್ತು ತಾಸು ಕುರ್ಚಿ, ಜೊತೆಗೆ ಸೊಂಟನೋವು. ಹನ್ನೆರಡನೇ ಬೈಠಕ್‌ಗೆ ಕಾಲು ನಡುಗಿ ಕುಳಿತೇಬಿಟ್ಟೆ. ಯಾರೂ ನಗಲಿಲ್ಲ. ‘ನಾಳೆ ಹದಿಮೂರು ಆಗ್ತಾವ’ ಅಂದರು ವಸ್ತಾದರು.

ಮರುದಿನ ಐದಕ್ಕೆ ನನ್ನನ್ನು ಎಬ್ಬಿಸಿದ್ದು ಅಳಿಯ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ‘ಟೇಕ್ವಾಂಡೋ?’ ಅಂದೆ.

‘ಮದ್ಲ ಮಣ್ಣು, ಮಾಮಾ.’