ಆಂಪ್ ಹಾಕಿದ್ರೆ ಬೇಸ್ ಬರುತ್ತಾ?

ಓಪನ್-ಬ್ಯಾಕ್ ಹೆಡ್‌ಫೋನ್ ತಗೊಂಡ ಪ್ರತಿಯೊಬ್ಬರೂ ಎರಡನೇ ವಾರಕ್ಕೆ ಕೇಳೋ ಪ್ರಶ್ನೆ ಒಂದೇ: "ಹಾಡು ಚೆನ್ನಾಗಿ ಕೇಳ್ಸುತ್ತೆ, ಆದ್ರೆ ಬೇಸ್ ಎಲ್ಲಿ ಹೋಯ್ತು?" ಅದಕ್ಕೆ ಕ್ಯಾಂಪಸ್ಸಿನಲ್ಲಿ ಸಿಗುವ ಉತ್ತರವೂ ಒಂದೇ: "ಆಂಪ್ ತಗೋ ಮಗಾ." ಯಾವ ಆಂಪ್, ಯಾಕೆ, ಅದು ಬೇಸಿಗೆ ಏನು ಮಾಡುತ್ತೆ ಅಂತ ಕೇಳಿದ್ರೆ ಮಾತ್ರ ಎಲ್ಲರೂ ಮೆಸ್ಸಿಗೆ ಲೇಟ್ ಆಯ್ತು ಅಂತ ಎದ್ದು ಹೋಗ್ತಾರೆ.

ನಮ್ಮ ರೂಮಲ್ಲಿ ಈ ಪ್ರಶ್ನೆ ಒಂಬತ್ತು ಸಾವಿರ ರೂಪಾಯಿಯದ್ದಾಗಿತ್ತು. ಮೂರು ಜನ ನಾವು. ಅದರಲ್ಲಿ ಹಾಸನದವನು ರಜೆಯಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳಿಕೊಟ್ಟು ಆ ದುಡ್ಡು ಕೂಡಿಟ್ಟಿದ್ದ. ಅವನ ಹತ್ತಿರ ಆಗಲೇ 32 ಓಮ್‌ನ ಒಂದು ಅಗ್ಗದ ಓಪನ್-ಬ್ಯಾಕ್ ಇತ್ತು. ಅದಕ್ಕೊಂದು ಆಂಪ್ ತಗೋಬೇಕು, ಬೇಸ್ ಬರಬೇಕು. ಯಾವ ಬೇಸ್ ಅನ್ನೋದನ್ನ ಆಮೇಲೆ ಹೇಳ್ತೀವಿ. ಅದೇ ಸಮಯಕ್ಕೆ ಫೈನಲ್ ಇಯರ್ ಸೀನಿಯರ್ ಒಬ್ಬರು ಇಂಟರ್ನ್‌ಶಿಪ್‌ಗೆ ಹೋಗುವಾಗ ತಮ್ಮ ಸೆನ್‌ಹೈಸರ್ ಎಚ್‌ಡಿ 650 ಅನ್ನು ನಮ್ಮ ರೂಮಲ್ಲಿ ಬಿಟ್ಟು ಹೋಗಿದ್ದರು, "ಕೇಳಿ, ಆದ್ರೆ ಬೀಳಿಸ್ಬೇಡಿ" ಅಂತ. ಅದು 300 ಓಮ್‌ನದ್ದು. ಒಂದು 32, ಒಂದು 300. ಎಕ್ಸ್‌ಪೆರಿಮೆಂಟ್ ತಾನಾಗೇ ಬಂದು ರೂಮಲ್ಲಿ ಕೂತಿತ್ತು.

ಮೊದಲು, ಬೇಸ್ ಯಾಕೆ ಕಮ್ಮಿ ಅನ್ನೋದು. ಡ್ರೈವರ್‌ನ ಪರದೆ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತುತ್ತೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲ ಆಗುತ್ತೆ. ಎರಡೂ ಒಂದಕ್ಕೊಂದು ಉಲ್ಟಾ. ಕ್ಲೋಸ್ಡ್ ಹೆಡ್‌ಫೋನಲ್ಲಿ ಹಿಂದಿನದ್ದು ಡಬ್ಬಿಯೊಳಗೇ ಇರುತ್ತೆ. ಓಪನ್-ಬ್ಯಾಕಲ್ಲಿ ಜಾಲರಿ ಮೂಲಕ ಹೊರಗೆ ಬರುತ್ತೆ. 100 ಹರ್ಟ್ಸ್ ಶಬ್ದದ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ; ಅದಕ್ಕೆ ನಮ್ಮ ಕಿವಿಯ ಸುತ್ತ ಇರೋ ಪ್ಯಾಡ್ ಒಂದು ಅಡ್ಡಿಯೇ ಅಲ್ಲ, ಸಂದಿ ಸಿಕ್ಕಿದ ಕಡೆ ಸುತ್ತಿ ಬಂದು ಮುಂದಿನದ್ದನ್ನ ತಿಂದು ಹಾಕುತ್ತೆ. ಪ್ಯಾಡ್ ಸರಿಯಾಗಿ ಕೂತಿದ್ರೆ ಪೂರ್ತಿ ತಿನ್ನಲ್ಲ. ಆದ್ರೂ ಡ್ರೈವರ್‌ನ ರೆಸೊನೆನ್ಸ್‌ಗಿಂತ ಕೆಳಗೆ ಹೋದ ಹಾಗೆ ಬೇಸ್ ಇಳೀತಾ ಹೋಗುತ್ತೆ. ಇದು ಮೆಕ್ಯಾನಿಕ್ಸ್ ಮತ್ತು ಗಾಳಿಯ ವಿಷಯ. ಎಷ್ಟೇ ದುಬಾರಿ ಆಂಪ್ ತಂದ್ರೂ ಜಾಲರಿ ಮುಚ್ಚಿಕೊಳ್ಳಲ್ಲ. (ಕನ್ನಡಕ ಹಾಕೋರು ಒಂದು ಸಲ ಕನ್ನಡಕ ತೆಗೆದು ಅದೇ ಹಾಡು ಕೇಳಿ ನೋಡಿ. ನಮ್ಮಲ್ಲಿ ಮಂಗಳೂರಿನವನಿಗೆ ಅಷ್ಟರಲ್ಲೇ ಅರ್ಧ ಸಮಾಧಾನ ಆಯ್ತು.)

ಹಾಗಾದ್ರೆ ಆಂಪ್ ಏನು ಮಾಡುತ್ತೆ? ಇಲ್ಲಿ ನೆಟ್‌ವರ್ಕ್ ಥಿಯರಿ ಬರುತ್ತೆ, ಓಡಿಹೋಗ್ಬೇಡಿ. ಬರೀ ವೋಲ್ಟೇಜ್ ಡಿವೈಡರ್.

ಎಚ್‌ಡಿ 650ಯ ಮೇಲೆ 300 ಓಮ್ ಅಂತ ಬರೆದಿದ್ರೂ ಅದು ಎಲ್ಲಾ ಫ್ರೀಕ್ವೆನ್ಸಿಯಲ್ಲೂ 300 ಅಲ್ಲ. 100 ಹರ್ಟ್ಸ್‌ಗಿಂತ ಸ್ವಲ್ಪ ಕೆಳಗೆ, ಡ್ರೈವರ್ ರೆಸೊನೇಟ್ ಆಗೋ ಕಡೆ, ಇಂಪೀಡೆನ್ಸ್ ಒಂದು ಗುಡ್ಡದ ಥರ ಮೇಲೆದ್ದು ಸುಮಾರು 500 ಓಮ್ ಮುಟ್ಟುತ್ತೆ. ಈಗ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಅಂತ ಇಟ್ಕೊಳ್ಳಿ. 300 ಓಮ್ ಇರೋ ಕಡೆ ಹೆಡ್‌ಫೋನಿಗೆ ಸಿಗೋದು 420ರಲ್ಲಿ 300 ಪಾಲು, ಅಂದ್ರೆ 2.9 ಡೆಸಿಬೆಲ್ ನಷ್ಟ. ಗುಡ್ಡದ ತುದಿಯಲ್ಲಿ 620ರಲ್ಲಿ 500 ಪಾಲು, 1.9 ಡೆಸಿಬೆಲ್ ನಷ್ಟ. ವ್ಯತ್ಯಾಸ 1 ಡೆಸಿಬೆಲ್. ಅಂದ್ರೆ ಬೇಸ್ ಹತ್ತಿರ ಉಳಿದ ಕಡೆಗಿಂತ 1 ಡೆಸಿಬೆಲ್ ಜಾಸ್ತಿ ಬಂದ ಹಾಗೆ ಆಯ್ತು. ಟ್ಯೂಬ್ ಆಂಪ್ ಹಾಕಿದ್ರೆ "ಬೆಚ್ಚಗೆ" ಕೇಳ್ಸುತ್ತೆ ಅಂತಾರಲ್ಲ, ಅದರಲ್ಲಿ ಒಂದು ಪಾಲು ಇದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪ್‌ಗಳಲ್ಲಿ ಇಷ್ಟು ಔಟ್‌ಪುಟ್ ಇಂಪೀಡೆನ್ಸ್ ಇರೋದು ಅಪರೂಪ ಏನಲ್ಲ. 120 ಓಮ್ ಅನ್ನೋ ಸಂಖ್ಯೆಯನ್ನ ನಾವೇ ಹುಟ್ಟಿಸಿದ್ದೂ ಅಲ್ಲ. 1996ರ ಐಇಸಿ 61938 ಸ್ಟ್ಯಾಂಡರ್ಡ್‌ನಲ್ಲಿ ಹೆಡ್‌ಫೋನ್ ಔಟ್‌ಪುಟ್‌ಗೆ ಹೇಳಿದ್ದ ಬೆಲೆ ಅದೇ.

ಅದೇ ಆಂಪನ್ನ 32 ಓಮ್‌ನ ಹೆಡ್‌ಫೋನಿಗೆ ಹಾಕಿ. ಅದರ ಗುಡ್ಡ 60 ಓಮ್ ಅಂತ ಊಹಿಸ್ಕೊಳ್ಳಿ. 152ರಲ್ಲಿ 32 ಪಾಲು, 180ರಲ್ಲಿ 60 ಪಾಲು. ಲಾಗ್ ಹಾಕಿ ನೋಡಿದ್ರೆ ವ್ಯತ್ಯಾಸ 4 ಡೆಸಿಬೆಲ್! ಇದು ಬೆಚ್ಚಗೆ ಅಲ್ಲ, ಪಕ್ಕದ ರೂಮಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ. ಒಂದೇ ಆಂಪ್, ಎರಡು ಹೆಡ್‌ಫೋನ್, ಎರಡು ಬೇಸ್. ಹೈಫೈಮನ್‌ನವರು ಮಾಡೋ ಥರದ ಪ್ಲೇನಾರ್ ಹೆಡ್‌ಫೋನ್‌ಗಳಿಗಂತೂ ಗುಡ್ಡವೇ ಇಲ್ಲ, ಇಂಪೀಡೆನ್ಸ್ ಹೆಚ್ಚುಕಡಿಮೆ ಗೆರೆ ಎಳೆದಂಗೆ. ಅಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇದ್ರೆ ಸೌಂಡ್ ಕಮ್ಮಿ ಆಗುತ್ತೆ ಅಷ್ಟೇ.

ಇನ್ನು "ಡ್ಯಾಂಪಿಂಗ್" ಅನ್ನೋ ಮಾತು. ಬೇಸ್ "ಟೈಟ್" ಆಗುತ್ತೆ, "ಲೂಸ್" ಆಗುತ್ತೆ ಅಂತಾರೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ರೊಬೊಟಿಕ್ಸ್ ಕ್ಲಬ್‌ನ ಒಂದು ಸಣ್ಣ ಡಿಸಿ ಮೋಟರ್ ಸಾಕು. ಎರಡು ವೈರ್ ಬಿಟ್ಟು ಶಾಫ್ಟ್ ತಿರುಗಿಸಿ, ಸಲೀಸಾಗಿ ತಿರುಗುತ್ತೆ. ವೈರ್‌ಗಳನ್ನ ಒಂದಕ್ಕೊಂದು ಮುಟ್ಟಿಸಿ ತಿರುಗಿಸಿ, ಯಾರೋ ಹಿಡ್ಕೊಂಡ ಹಾಗೆ ಬಿಗಿ. ಹೆಡ್‌ಫೋನ್‌ನ ವಾಯ್ಸ್ ಕಾಯಿಲ್ ಕೂಡ ಮ್ಯಾಗ್ನೆಟ್ ಒಳಗೆ ಆಡೋ ಮೋಟರೇ. ಸಿಗ್ನಲ್ ನಿಂತ ಮೇಲೂ ಪರದೆ ಆಡ್ತಾ ಇದ್ರೆ ಅದು ತಾನೇ ವೋಲ್ಟೇಜ್ ಹುಟ್ಟಿಸುತ್ತೆ, ಆ ಕರೆಂಟ್ ಆಂಪ್ ಮೂಲಕ ಸುತ್ತಿ ಬಂದು ಬ್ರೇಕ್ ಹಾಕುತ್ತೆ. ದಾರಿಯಲ್ಲಿ 120 ಓಮ್ ಇದ್ರೆ ಬ್ರೇಕ್ ಸಡಿಲ.

ಆದ್ರೆ ಜಾಹೀರಾತುಗಳಲ್ಲಿ "ಡ್ಯಾಂಪಿಂಗ್ ಫ್ಯಾಕ್ಟರ್ 3000" ಅಂತ ಹಾಕಿರ್ತಾರಲ್ಲ, ಅದನ್ನ ನೋಡಿ ದುಡ್ಡು ಕೊಡ್ಬೇಡಿ. ಆ ಕರೆಂಟ್ ಸುತ್ತೋ ದಾರಿಯಲ್ಲಿ ಆಂಪ್ ಮಾತ್ರ ಇಲ್ಲ, ಕಾಯಿಲ್‌ನ ಸ್ವಂತ ರೆಸಿಸ್ಟೆನ್ಸ್ ಕೂಡ ಇದೆ. ಎಚ್‌ಡಿ 650ಯಲ್ಲಿ ಅದೇ ಮುನ್ನೂರರ ಹತ್ತಿರ. ಆಂಪ್ 1 ಓಮ್ ಇದ್ರೆ ಒಟ್ಟು 301, 0.1 ಓಮ್ ಇದ್ರೆ 300.1. ಯಾವ ಕಿವಿಗೆ ಗೊತ್ತಾಗುತ್ತೆ? ಮತ್ತೆ ಇನ್ನೊಂದು ವಿಷಯ ನಮಗೆ ತುಂಬಾ ಇಷ್ಟ ಆಯ್ತು: ಮೇಲೆ ಹೇಳಿದ 1 ಡೆಸಿಬೆಲ್ ಉಬ್ಬು ಮತ್ತು ಈ ಸಡಿಲ ಬ್ರೇಕ್ ಎರಡು ಬೇರೆ ಬೇರೆ ಕಾಯಿಲೆ ಅಲ್ಲ. ಫ್ರೀಕ್ವೆನ್ಸಿ ಕಡೆಯಿಂದ ನೋಡಿದ್ರೆ ಉಬ್ಬು, ಟೈಮ್ ಕಡೆಯಿಂದ ನೋಡಿದ್ರೆ ಸಡಿಲ. ಸಿಗ್ನಲ್ಸ್ ಕ್ಲಾಸಲ್ಲಿ ಇದನ್ನ ಬೋರ್ಡ್ ಮೇಲೆ ಬರೆದಾಗ ನಾವೆಲ್ಲ ಅಟೆಂಡೆನ್ಸ್ ಲೆಕ್ಕ ಹಾಕ್ತಿದ್ವಿ.

ಟ್ಯೂಬ್ ಆಂಪ್ ನಮ್ಮ ಹತ್ರ ಎಲ್ಲಿಂದ ಬರಬೇಕು? ಆದ್ರೆ ಲ್ಯಾಬಲ್ಲಿ 120 ಓಮ್ ರೆಸಿಸ್ಟರ್ ಇದೆ. ಡಾಂಗಲ್ ಮತ್ತು ಹೆಡ್‌ಫೋನ್ ಮಧ್ಯೆ ಎಡಕ್ಕೊಂದು ಬಲಕ್ಕೊಂದು ಸೀರೀಸಲ್ಲಿ ಹಾಕಿದ್ವಿ, ಪಕ್ಕದಲ್ಲಿ ಅದನ್ನ ಬೈಪಾಸ್ ಮಾಡೋ ಸ್ವಿಚ್. ಮಲ್ಟಿಮೀಟರಲ್ಲಿ ಎರಡೂ ಕಡೆಯ ವೋಲ್ಟೇಜ್ ಸಮ ಮಾಡ್ಕೊಂಡ್ವಿ. ಇದನ್ನ ಮಾಡದೆ ಹೋಲಿಸಿದ್ರೆ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಗೆಲ್ಲೋದು. ಒಬ್ಬ ಕಣ್ಣು ಮುಚ್ಚಿ ಕೇಳೋದು, ಒಬ್ಬ ಕಾಯಿನ್ ಟಾಸ್ ಮಾಡಿ ಸ್ವಿಚ್ ಹಾಕೋದು, ಒಬ್ಬ ಬರ್ಕೊಳ್ಳೋದು. 32 ಓಮ್‌ನದ್ದರಲ್ಲಿ ಹತ್ತಕ್ಕೆ ಹತ್ತು ಸರಿ. ಎಚ್‌ಡಿ 650ಯಲ್ಲಿ ಹತ್ತಕ್ಕೆ ಏಳು. ಏಳು ಅಂದ್ರೆ ಖುಷಿ ಪಡೋಕೆ ಹೋದ್ವಿ, ಮಂಗಳೂರಿನವನು ಲೆಕ್ಕ ಹಾಕಿದ: ಸುಮ್ನೆ ಊಹೆ ಮಾಡಿದ್ರೂ ಏಳು ಅಥವಾ ಜಾಸ್ತಿ ಬರೋ ಸಾಧ್ಯತೆ 17 ಶೇಕಡಾ ಇದೆಯಂತೆ. ಕ್ಯಾಲ್ಕುಲೇಟರ್ ಕಿತ್ಕೊಂಡು ಇಟ್ವಿ.

ಬೇಸ್ ನಿಜಕ್ಕೂ ಮಾಯ ಆಗೋ ಇನ್ನೊಂದು ಜಾಗ ಇದೆ, ಅದು ಇಸಿ ಹುಡುಗರಿಗೆ ಮನೆ ಅಂಗಳ. ಮಿನಿ ಪ್ರಾಜೆಕ್ಟ್‌ಗೆ ಎಲ್ಲರೂ ಮಾಡೋ ಎಲ್‌ಎಂ386 ಆಂಪ್. ಅದರ ಔಟ್‌ಪುಟಲ್ಲಿ ಡಿಸಿ ತಡೆಯೋಕೆ ಒಂದು ಕೆಪಾಸಿಟರ್ ಇರುತ್ತೆ. ಆ ಕೆಪಾಸಿಟರ್ ಮತ್ತು ಹೆಡ್‌ಫೋನ್ ಸೇರಿ ಒಂದು ಹೈಪಾಸ್ ಫಿಲ್ಟರ್. 100 ಮೈಕ್ರೊಫ್ಯಾರಡ್ ಹಾಕಿ 32 ಓಮ್ ಹೆಡ್‌ಫೋನ್ ಸಿಕ್ಕಿಸಿದ್ರೆ ಕಟ್-ಆಫ್ 50 ಹರ್ಟ್ಸ್. ಮೊದಲೇ ಓಪನ್-ಬ್ಯಾಕ್, ಅದರ ಮೇಲೆ ಇದು. ಅದೇ ಬೋರ್ಡಿಗೆ 300 ಓಮ್‌ನದ್ದು ಸಿಕ್ಕಿಸಿದ್ರೆ 5 ಹರ್ಟ್ಸ್, ಚಿಂತೆಯೇ ಇಲ್ಲ. ಕೆಪಾಸಿಟರ್ 470 ಮಾಡಿದ್ರೆ 32 ಓಮ್‌ಗೂ ಕಟ್-ಆಫ್ 11ಕ್ಕೆ ಇಳಿಯುತ್ತೆ. ಎಸ್‌ಪಿ ರೋಡಲ್ಲಿ ಒಂದು ಟೀ ದುಡ್ಡಿಗೆ ಸಿಗೋ ಪಾರ್ಟು. ಆಂಪ್ ಬದಲಿಸಿ ಬೇಸ್ ಬಂತು ಅನ್ನೋರ ಕಥೆಯಲ್ಲಿ ಎಷ್ಟೋ ಸಲ ಇಂಥದ್ದೇನೋ ಇರುತ್ತೆ ಅಂತ ನಮ್ಮ ಗುಮಾನಿ.

ಈಗ ಹಾಸನದವನ ಬೇಸ್. ಅವನ ತಾತ ಊರಲ್ಲಿ ಹರಿಕಥೆಗೆ, ಭಜನೆಗೆ ಮೃದಂಗ ನುಡಿಸ್ತಿದ್ರು. ಇವನು ಎರಡು ವರ್ಷದ ಮಗು ಆಗಿದ್ದಾಗಲೇ ತೀರಿಕೊಂಡ್ರು. ಉಳಿದಿರೋದು ಒಂದು ಡಬ್ಬಿ ಕ್ಯಾಸೆಟ್. ಅಮ್ಮ ಅದರಲ್ಲಿ ಒಂದನ್ನ ಅಂಗಡಿಗೆ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿ ಕಳಿಸಿದ್ರು. ಬಲಗೈ ಚೆನ್ನಾಗಿ ಕೇಳ್ಸುತ್ತೆ, ಎಡಗೈ ಇಲ್ಲ. "ತಾತನ ಎಡಗೈ ಊರಿಗೇ ಫೇಮಸ್ ಅಂತೆ ಕಣ್ರೋ" ಅಂತಿದ್ದ. ಮೃದಂಗದ ಎಡಭಾಗಕ್ಕೆ ರವೆ ಕಲಸಿ ಮೆತ್ತೋದೇ ಬೇಸಿಗೋಸ್ಕರ. ಪರದೆಯ ತೂಕ ಹೆಚ್ಚಿಸಿದ್ರೆ ರೆಸೊನೆನ್ಸ್ ಕೆಳಗೆ ಇಳಿಯುತ್ತೆ. ಅದನ್ನೇ ಕೇಳೋಕಾಗಲ್ಲ ಅಂದ್ರೆ ಹೇಗೆ? ಒಂಬತ್ತು ಸಾವಿರ ಅದಕ್ಕೆ.

ಫೈಲನ್ನ ಆಡಾಸಿಟಿಯಲ್ಲಿ ಹಾಕಿ ನೋಡಿದ್ವಿ. ಸ್ಪೆಕ್ಟ್ರಮ್‌ನಲ್ಲಿ ನೂರು ಹರ್ಟ್ಸ್ ಆಸುಪಾಸು ಎಡಗೈ ಹೊಡೆತ ಒಂದೊಂದೂ ಇದೆ! ಆದ್ರೆ ಇಡೀ ರೆಕಾರ್ಡಿಂಗ್ ಪಾತಾಳದಲ್ಲಿದೆ, ಅತಿ ಜೋರಾದ ಹೊಡೆತವೂ ಫುಲ್ ಸ್ಕೇಲ್‌ಗಿಂತ 18 ಡೆಸಿಬೆಲ್ ಕೆಳಗೆ. ಅಂಗಡಿಯವರು ಹೆದರ್ಕೊಂಡು ಲೆವೆಲ್ ಇಟ್ಟಿದ್ರು. ಇದು ಯಾಕೆ ಬೇಸನ್ನೇ ಹುಡುಕಿ ಕೊಲ್ಲುತ್ತೆ ಅನ್ನೋದಕ್ಕೆ ಉತ್ತರ 1933ರಷ್ಟು ಹಳೇದು. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಇಬ್ಬರು ಆಗಲೇ ತೋರಿಸಿದ್ರು: ಸದ್ದು ಚಿಕ್ಕದಾದಷ್ಟೂ ನಮ್ಮ ಕಿವಿ ಬೇಸಿಗೆ ಇನ್ನೂ ಜಾಸ್ತಿ ಕಿವುಡು. ಇವತ್ತಿನ ಐಎಸ್‌ಒ ಕರ್ವ್ ಪ್ರಕಾರ 1000 ಹರ್ಟ್ಸ್‌ನಲ್ಲಿ 40 ಡೆಸಿಬೆಲ್ ಎಷ್ಟು ಜೋರು ಅನ್ನಿಸುತ್ತೋ ಅಷ್ಟೇ ಜೋರು ಅನ್ನಿಸೋಕೆ 100 ಹರ್ಟ್ಸ್‌ನಲ್ಲಿ ಸುಮಾರು 64 ಬೇಕು. ಬಲಗೈ ಕಿವಿಗೆ ಮುಟ್ಟಿತು, ಎಡಗೈ ಮುಟ್ಟಲಿಲ್ಲ.

ಅಂದ್ರೆ ಇಲ್ಲಿ ಆಂಪ್ ನಿಜವಾಗ್ಲೂ ಕೆಲಸ ಮಾಡ್ತಿತ್ತು. ಗೇನ್ ಕೊಟ್ರೆ ಎಡಗೈ ಎದ್ದು ಬರುತ್ತೆ. ಅವನು ಆಂಪ್ ತಗೊಂಡು, ಬೇಸ್ ಬಂತು ಅಂತ ನಮಗೆಲ್ಲ ಸಾರಿ ಹೇಳಿದ್ರೆ ಅದು ಸುಳ್ಳೂ ಆಗ್ತಿರಲಿಲ್ಲ. ಆದ್ರೆ ಅದೇ ಗೇನ್ ಫೈಲಿಗೇ ಕೊಡಬಹುದು. ಆಡಾಸಿಟಿಯಲ್ಲಿ 17 ಡೆಸಿಬೆಲ್ ಏರಿಸಿದ್ವಿ, ಫ್ರೀ. ಕ್ಯಾಸೆಟ್‌ನ ಹಿಸ್ಸೂ ಜೊತೆಗೇ ಏರಿತು, ಆಂಪ್ ಹಾಕಿದ್ರೂ ಏರ್ತಿತ್ತು. 100 ಹರ್ಟ್ಸ್ ಸುತ್ತ ಇನ್ನೊಂದು 4 ಡೆಸಿಬೆಲ್ ಈಕ್ವಲೈಸರ್. ಮೊದಲು ಎಚ್‌ಡಿ 650ಯಲ್ಲಿ ಕೇಳಿದ, ಆಮೇಲೆ ತನ್ನದರಲ್ಲಿ. ಮಾತಾಡಲಿಲ್ಲ. ಸ್ವಲ್ಪ ಹೊತ್ತು ಆದ್ಮೇಲೆ ಅಮ್ಮನಿಗೆ ಫೋನ್ ಮಾಡೋಕೆ ಟೆರೇಸಿಗೆ ಹೋದ.

ಆಂಪ್ ಬೇಡವೇ ಬೇಡ ಅಂತ ನಾವು ಹೇಳ್ತಿಲ್ಲ. ಎಚ್‌ಡಿ 650ಯನ್ನ ಸೆನ್‌ಹೈಸರ್‌ನವರು 1 ವೋಲ್ಟ್‌ಗೆ 103 ಡೆಸಿಬೆಲ್ ಅಂತ ಹೇಳ್ತಾರೆ. ಸುಮಾರು 1 ವೋಲ್ಟ್ ಕೊಡೋ ಒಳ್ಳೆ ಡಾಂಗಲ್ ಈಗಿನ ಸಿನಿಮಾ ಹಾಡಿಗೆ ಧಾರಾಳ. ಮೆಲ್ಲಗೆ ರೆಕಾರ್ಡ್ ಮಾಡಿದ ಕಚೇರಿ ಕೇಳೋರು, ಈಕ್ವಲೈಸರಲ್ಲಿ ಬೇಸ್ 6 ಡೆಸಿಬೆಲ್ ಏರಿಸೋರು ಎರಡರಷ್ಟು ವೋಲ್ಟೇಜ್ ಬೇಕು ಅಂತ ಲೆಕ್ಕ ಇಟ್ಕೊಳ್ಳಿ; ಅವರಿಗೆ ಆಂಪ್ ಬೇಕು. 32 ಓಮ್‌ನವರು ವೋಲ್ಟೇಜ್ ಬಿಟ್ಟು ಔಟ್‌ಪುಟ್ ಇಂಪೀಡೆನ್ಸ್ ನೋಡಿ, ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಕಮ್ಮಿ ಇದ್ರೆ ಸಾಕು. 32ಕ್ಕೆ 4 ಓಮ್.

ಹಾಸನದವನ ದುಡ್ಡು ಇನ್ನೂ ಹಾಗೇ ಇದೆ. ಈಗ ಹುಡುಕ್ತಿರೋದು ಚೆನ್ನಾಗಿ ಓಡೋ ಒಂದು ಹಳೇ ಕ್ಯಾಸೆಟ್ ಡೆಕ್. ಮನೆಯಲ್ಲಿ ಇನ್ನೂ ಏಳು ಕ್ಯಾಸೆಟ್ ಇವೆ, ಅವನ್ನ ಲೆವೆಲ್ ನೋಡ್ಕೊಂಡು ನಾವೇ ರೆಕಾರ್ಡ್ ಮಾಡ್ಬೇಕು ಅಂತ. ನಿಮ್ಮ ಮನೆ ಅಟ್ಟದಲ್ಲಿ ಅಂಥದ್ದು ಇದ್ರೆ ಕ್ಲಬ್‌ಗೆ ತಿಳಿಸಿ. ಹಾಗೇ ಯಾರ ಹತ್ರನಾದ್ರೂ ನಿಜವಾದ ಟ್ಯೂಬ್ ಆಂಪ್ ಇದ್ರೆ ಎರಡು ದಿನಕ್ಕೆ ಕೊಡಿ. ಟ್ಯೂಬ್‌ಗೆ ಅದರದ್ದೇ ಡಿಸ್ಟಾರ್ಶನ್ ಇರುತ್ತೆ, ನಮ್ಮ ರೆಸಿಸ್ಟರ್‌ಗೆ ಅದು ಬರಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ಕೇಳ್ಬೇಕು. ಸೀನಿಯರ್ ವಾಪಸ್ ಬರೋದ್ರೊಳಗೆ ಆದ್ರೆ ಒಳ್ಳೇದು.